ಲೋರ್ನ್ ಟೆರೇಸಿನ ಗಾರೆಮುಖಗಳು

ಬೆಳಗಿನ ಆರೂವರೆ. ಪೆಟ್ರಿ ಬೀದಿಯ ಪ್ಲೇನ್ ಮರಗಳು ಇನ್ನೂ ಚಿಗುರಿಲ್ಲ. ಮೊದಲ ಟ್ರಾಮು ತಿರುವಿನಲ್ಲಿ ಗಂಟೆ ಬಾರಿಸಿ ಹೋದ ಮೇಲೆ ಉಳಿದ ಮೌನವನ್ನು ಒಂದು ಮ್ಯಾಗ್‌ಪೈ ಹಕ್ಕಿ ತನ್ನ ಕೊಳಲಿನಿಂದ ತುಂಬಲು ನೋಡುತ್ತಿದೆ. ಅರವತ್ತೆಂಟು ವರ್ಷದ ಸಾಲ್ವು ಮಿಕಾಲೆಫ್ ಸಾರುವೆಯ ಮೇಲಿನ ಹಲಗೆಯಲ್ಲಿ ನಿಂತು, ಲೋರ್ನ್ ಟೆರೇಸ್ ಎಂಬ ಸಾಲುಮನೆಗಳ ಗೋಡೆಗೆ ಕಿವಿ ಹಚ್ಚಿ, ಬೆರಳ ಗೆಣ್ಣಿನಿಂದ ಮೆಲ್ಲಗೆ ತಟ್ಟುತ್ತಿದ್ದಾರೆ. ಏಳು ಗಂಟೆಗೆ ಮೊದಲು ಸುತ್ತಿಗೆ ಎತ್ತುವಂತಿಲ್ಲ, ಊರಿನ ಕಾನೂನು. ತಟ್ಟುವುದಕ್ಕೆ ಯಾರ ಅಡ್ಡಿಯೂ ಇಲ್ಲ.

ಅವರು ಇಷ್ಟು ಬೇಗ ಬರುವುದು ಬೆಳಕಿಗಾಗಿ. ಎದುರು ಸಾಲಿನ ಚಿಮಣಿಗಳ ನಡುವಿನಿಂದ ಸೂರ್ಯ ಓರೆಯಾಗಿ ಬಿದ್ದಾಗ, ಗೋಡೆಯ ಮೇಲಿನ ಪ್ರತಿ ಉಬ್ಬಿಗೂ ಒಂದು ನೆರಳು ಹುಟ್ಟುತ್ತದೆ. ನಡುಹಗಲಿನಲ್ಲಿ ನುಣುಪಾಗಿ ಕಾಣುವ ಗಾರೆ ಆಗ ತನ್ನ ಬಿರುಕು, ತೇಪೆ, ಹಳೆಯ ಸುಳ್ಳುಗಳನ್ನೆಲ್ಲ ತೋರಿಸಿಬಿಡುತ್ತದೆ. ಆ ಬೆಳಕು ಇರುವುದು ಹನ್ನೆರಡು ನಿಮಿಷ. ಅಷ್ಟರಲ್ಲಿ ಅನುಮಾನ ಬಂದ ಕಡೆಯೆಲ್ಲ ನೀಲಿ ಸೀಮೆಸುಣ್ಣದ ಗುರುತು ಬೀಳಬೇಕು.

"ಗೋಡೆನ ನಂಬಬಾರ್ದು," ಎನ್ನುತ್ತಾರೆ ಅವರು, ಕಿವಿ ತೆಗೆಯದೆ. "ಬಣ್ಣ ಬಳ್ಕೊಂಡಿರೋ ಗೋಡೆನಂತೂ ನಂಬಲೇಬಾರ್ದು. ಒಳಗೆ ಟೊಳ್ಳಾಗಿದ್ರೆ ಡೊಳ್ಳಿನ ಥರ ಸದ್ದು ಕೊಡುತ್ತೆ. ಗಟ್ಟಿ ಇದ್ರೆ ಸುಮ್ನಿರುತ್ತೆ. ಸುಮ್ನಿರೋದನ್ನ ಕೇಳೋದೇ ಕಷ್ಟ."

ಕೆಳಗೆ ಹದಿನಾಲ್ಕನೆಯ ಮನೆಯ ಮುಂದಿನ ಕೋಣೆಯಲ್ಲಿ ಪರದೆ ಒಂದು ಬೆರಳಿನಷ್ಟು ಸರಿಯುತ್ತದೆ. ಸಾಲ್ವು ಅದನ್ನು ನೋಡುತ್ತಾರೆ, ನೋಡದಂತೆ ಇರುತ್ತಾರೆ. ಕಳೆದ ಚಳಿಗಾಲದಿಂದ ಆ ಪರದೆ ದಿನವೂ ಅಷ್ಟೇ ಸರಿಯುತ್ತಿದೆ. ಗೋಡೆಯನ್ನು ಅನುಮಾನಿಸುವುದು ಅವರ ಕಸುಬು. ಅವರನ್ನು ಅನುಮಾನಿಸುವುದು ಈ ಬೀದಿಯ ಅಭ್ಯಾಸವಾಗಿದೆ.

ಮೆಲ್ಬರ್ನಿನ ಒಳ ಬಡಾವಣೆ ಫಿಟ್ಸ್‌ರಾಯಿಯಲ್ಲಿ ಸಾಲ್ವು ಕೈ ಇಡದ ಬೀದಿ ಕಡಿಮೆ. ಒಂದಕ್ಕೊಂದು ಭುಜ ತಾಗಿಸಿ ನಿಂತ ಟೆರೇಸ್ ಮನೆಗಳ ನೆತ್ತಿಯ ಕಳಶಗಳು, ಶಂಖದ ಆಕಾರಗಳು, ಅಂಚಿನ ಹೂಬಳ್ಳಿ, ಕಬ್ಬಿಣದ ಕಸೂತಿಯ ಹಿಂದೆ ಅಡಗಿದ ದ್ರಾಕ್ಷಿಗೊಂಚಲು ಇವುಗಳಲ್ಲಿ ಯಾವುದಾದರೂ ಮುರಿದರೆ ಇವರಿಗೆ ಕರೆ ಬರುತ್ತದೆ. ದಿನಕ್ಕೆ ಸುಮಾರು ನಲವತ್ತು ಬಾರಿ ಏಣಿ ಹತ್ತಿ ಇಳಿಯುತ್ತಾರೆ. ಮೂರು ಪಾಲು ಮರಳು, ಒಂದು ಪಾಲು ಸುಣ್ಣ, ಚಿಟಿಕೆ ಸಿಮೆಂಟು. ತಗಡನ್ನು ಅಂಚಿನ ಆಕಾರಕ್ಕೆ ಕತ್ತರಿಸಿ ಮರದ ಹಲಗೆಗೆ ಬಡಿದ ಸಾಧನಕ್ಕೆ ಇವರು 'ಕುದುರೆ' ಎನ್ನುತ್ತಾರೆ. ಹಸಿ ಗಾರೆಯ ಮೇಲೆ ಅದನ್ನು ಒಂದೇ ಉಸಿರಿನಲ್ಲಿ ಓಡಿಸಬೇಕು. ನಡುವೆ ನಿಂತರೆ ನಿಂತ ಗುರುತು ನೂರು ವರ್ಷ ಉಳಿಯುತ್ತದೆ.

ಮಾಲ್ಟಾ ದ್ವೀಪದ ಒಂದು ಹಳ್ಳಿಯಿಂದ ಆರು ವರ್ಷದ ಸಾಲ್ವು ಹಡಗಿನಲ್ಲಿ ಇಲ್ಲಿಗೆ ಬಂದದ್ದು ಅಪ್ಪನ ಕೈ ಹಿಡಿದು. ಅಪ್ಪ ಅಲ್ಲಿ ಹಳದಿ ಕಲ್ಲು ಕಡೆಯುತ್ತಿದ್ದವರು. ಇಲ್ಲಿ ಅವರಿಗೆ ಸಿಕ್ಕ ಕೆಲಸ ಒಡೆಯುವುದು. ಆ ಕಾಲಕ್ಕೆ ಈ ಮನೆಗಳ ಅಲಂಕಾರವೆಂದರೆ ಜನರಿಗೆ ನಾಚಿಕೆ. ಅಜ್ಜಿಯ ಒಡವೆಯಂತೆ ಹಳತು, ಭಾರ, ಧೂಳು. ಎಲ್ಲ ಕಿತ್ತೆಸೆದು ಮುಂಭಾಗವನ್ನು ಬೋಳಾಗಿಸುವುದೇ ಹೊಸತನ. ಅಪ್ಪ ವಾರಕ್ಕೆ ಎರಡು ಮನೆಗಳ ನೆತ್ತಿ ಬೋಳಿಸುತ್ತಿದ್ದರು.

"ಅಪ್ಪ ಇಳಿಸಿದ್ದನ್ನ ನಾನು ಏರಿಸ್ತಾ ಇದೀನಿ, ಅಷ್ಟೇ," ಎನ್ನುತ್ತಾರೆ ಸಾಲ್ವು. "ಅವರು ಇಳಿಸಿದ್ದು ಇನ್ನೂ ಮುಗ್ದಿಲ್ಲ."

ನಲವತ್ತಾರು ವರ್ಷಗಳ ಕೆಲಸ ದೇಹದಿಂದ ತನ್ನ ಪಾಲನ್ನು ಕಿತ್ತುಕೊಂಡಿದೆ. ಬಲ ಭುಜ ಕಿವಿಯ ಮಟ್ಟಕ್ಕಿಂತ ಮೇಲೇಳುವುದಿಲ್ಲ. ಸುಣ್ಣ ತಿಂದ ಬೆರಳತುದಿಗಳಲ್ಲಿ ಗೆರೆಗಳೇ ಉಳಿದಿಲ್ಲ. ಚಳಿಗಾಲದ ಕೆಮ್ಮು ಬೇಸಿಗೆಯ ತನಕ ಜೊತೆಯಲ್ಲೇ ಇರುತ್ತದೆ. ಹೆಂಡತಿ ಚೆನ್ಸಾ ಕಟ್ಟಿಕೊಡುವ ಬುತ್ತಿ ಮಾತ್ರ ಬದಲಾಗಿಲ್ಲ: ಎಣ್ಣೆ ಸವರಿ ಟೊಮೆಟೊ ತಿಕ್ಕಿದ ದಪ್ಪ ರೊಟ್ಟಿ, ನಡುವೆ ಆಲಿವ್.

ಲೋರ್ನ್ ಟೆರೇಸ್ ಎಂದರೆ ಹತ್ತರಿಂದ ಇಪ್ಪತ್ತರವರೆಗಿನ ಸಮಸಂಖ್ಯೆಯ ಆರು ಮನೆಗಳು. ನೆತ್ತಿಯ ಮೇಲೆ ೧೮೮೭ ಎಂದು ಉಬ್ಬಕ್ಷರ. ಮನೆಮನೆಯ ನಡುವಿನ ಗೋಡೆ ಬೀದಿಯತ್ತ ಚಾಚಿ ನಿಲ್ಲುವ ತುದಿಯಲ್ಲಿ, ಸಾಲಿನ ಎರಡು ಕೊನೆಗಳನ್ನೂ ಸೇರಿಸಿ, ಒಟ್ಟು ಏಳು ಹೆಣ್ಣುಮುಖಗಳು. ತಲೆಗೆ ದ್ರಾಕ್ಷಿ ಎಲೆಯ ಕಿರೀಟ, ಅರೆತೆರೆದ ತುಟಿ, ಒಂದೇ ಅಚ್ಚಿನ ಏಳು ಅಕ್ಕತಂಗಿಯರು. ನಡುಗೋಡೆಯೆಂದರೆ ಎರಡು ಮನೆಗಳ ಸೊತ್ತು. ಹಾಗಾಗಿ ಮುಖವೂ ಪಾಲಿನದೇ. ಅರ್ಧ ಮೂಗು ನಮ್ಮದು, ಅರ್ಧ ಮೂಗು ನಿಮ್ಮದು ಎಂಬುದು ಈ ಬೀದಿಯ ಹಳೆಯ ತಮಾಷೆ.

ಕಳೆದ ಮೇ ತಿಂಗಳಲ್ಲಿ, ಇಲ್ಲಿಯ ಚಳಿಗಾಲ ಶುರುವಾಗುವ ಹೊತ್ತಿಗೆ, ಹತ್ತು ಮತ್ತು ಹನ್ನೆರಡರ ನಡುವಿನ ಮುಖ ಕಾಣೆಯಾಯಿತು. ಬಿದ್ದದ್ದಲ್ಲ, ಕತ್ತಿನ ಬಳಿ ತಂತಿಗರಗಸದಿಂದ ಬೆಣ್ಣೆ ಕೊಯ್ದಂತೆ ಕೊಯ್ದದ್ದು. ಜೂನಿನಲ್ಲಿ ಇನ್ನೊಂದು. ಜುಲೈಯಲ್ಲಿ ಹದಿನಾಲ್ಕು ಮತ್ತು ಹದಿನಾರರ ನಡುವಿನದು. ಮೊದಲನೆಯದು ಹೋದ ಮಾರನೆಯ ದಿನವೇ ಸಾಲ್ವು ಆ ಮನೆಯವರ ಬಾಗಿಲು ತಟ್ಟಿ, ಅಂಥದೇ ಮುಖ ತಾನು ಮಾಡಿಕೊಡಬಲ್ಲೆ ಎಂದಿದ್ದರು. ಸಹಾಯಕ್ಕೆಂದು ಆಡಿದ ಆ ಮಾತನ್ನೇ ಬೀದಿ ಆಮೇಲೆ ತಿರುವಿ ಹಾಕಿ ನೋಡಿತು. ಇಷ್ಟು ಅಚ್ಚುಕಟ್ಟಾಗಿ ಕೊಯ್ಯಲು ಯಾರಿಗೆ ಬರುತ್ತದೆ? ಮುಖ ಹೋದರೆ ಕೆಲಸ ಯಾರಿಗೆ ಸಿಗುತ್ತದೆ?

ಹದಿನಾಲ್ಕನೆಯ ಮನೆಯ ಡರ್ಮಟ್ ಹ್ಯಾಸೆಟ್ ವಿಮೆಯ ನಷ್ಟ ಅಂದಾಜು ಮಾಡುವವರು. ಸುಟ್ಟ ಮನೆಯ ಮುಂದೆ ನಿಂತು, ಬೆಂಕಿ ಹಚ್ಚಿದ್ದು ಮಾಲೀಕನೇ ಇರಬಹುದೆ ಎಂದು ಯೋಚಿಸುವುದೇ ಅವರ ಸಂಬಳದ ಕೆಲಸ. ಅವರು ಸಾಲ್ವುವಿಗೆ ನೇರವಾಗಿ ಏನೂ ಹೇಳಲಿಲ್ಲ. ಬೆಳಿಗ್ಗೆ ಎದುರಾದಾಗ, "ಏನ್ ಮಾರಾಯ, ಕೆಲಸ ಜೋರಾ?" ಎಂದು ಕೇಳತೊಡಗಿದರು. ಆ 'ಜೋರಾ' ಎಂಬ ಪದ ಪ್ರತಿ ದಿನವೂ ಸ್ವಲ್ಪ ಉದ್ದವಾಗುತ್ತಿತ್ತು. ಸಾಲಿನ ಆರು ಮನೆಯವರು ಸಭೆ ಸೇರಿದಾಗ, ಕೆಲಸವನ್ನು ಸಾಲ್ವುವಿಗೆ ಕೊಡದೆ, ಹಗುರ ಫೋಮಿನ ಮೇಲೆ ಸಿಮೆಂಟು ಲೇಪಿಸಿದ ಸಿದ್ಧ ಮುಖಗಳನ್ನು ತರಿಸೋಣ ಎಂದದ್ದೂ ಅವರೇ. ತಟ್ಟಿದರೆ ಡಬ್ಬಿಯಂತೆ ಸದ್ದು ಮಾಡುವ ಮುಖಗಳು.

ಜುಲೈ ಕೊನೆಗೆ ಒಬ್ಬ ಪೊಲೀಸ್ ಅಧಿಕಾರಿಣಿ ಸಾಲ್ವುವಿನ ಕೆಲಸದ ಕೊಟ್ಟಿಗೆಗೆ ಬಂದರು. ಗೋಡೆಯುದ್ದಕ್ಕೂ ಅಚ್ಚುಗಳ ಕಪಾಟು. ಕೆಳಗಿನ ಸಾಲಿನಲ್ಲಿ, ಚೀಲ ಹೊದ್ದು ಕೂತಿತ್ತು ಲೋರ್ನ್ ಟೆರೇಸಿನ ಮುಖದ ರಬ್ಬರ್ ಅಚ್ಚು. ಇದು ಯಾವಾಗಿನದು ಎಂದು ಕೇಳಿದರು. ಹಳೇದು ಎಂದರು ಸಾಲ್ವು. ಯಾಕೆ ಮಾಡಿದಿರಿ ಎಂದಾಗ, ಬೇಕಾಗಿತ್ತು ಎಂದರು. ಯಾರಿಗೆ ಎಂಬ ಪ್ರಶ್ನೆಗೆ ಉತ್ತರ ಕೊಡಲಿಲ್ಲ. ಅಧಿಕಾರಿಣಿ ಬರೆದುಕೊಂಡು ಹೋದರು. ಅವರು ಬರೆದುಕೊಂಡದ್ದು ಉತ್ತರವಿಲ್ಲದ ಆ ಖಾಲಿ ಜಾಗವನ್ನೇ ಇರಬೇಕು.

ವಾರದೊಳಗೆ ಮೂರು ಕಡೆಯ ಕೆಲಸ ಕೈತಪ್ಪಿತು. ಕರೆ ಮಾಡಿದವರೆಲ್ಲ ನಯವಾಗಿಯೇ ಮಾತಾಡಿದರು. ಚಳಿಗಾಲ ಮುಗೀಲಿ, ನೋಡೋಣ, ಆಮೇಲೆ ಹೇಳ್ತೀವಿ. ಈ ಕಸುಬಿನವನಿಗೆ ಅಂಗಡಿಯಿಲ್ಲ, ಫಲಕವಿಲ್ಲ. ಮನೆಯವರು ಊರಿಗೆ ಹೋಗಿರುವಾಗಲೂ ಬೀಗದ ಕೈ ಕೊಟ್ಟು ನೆತ್ತಿ ಹತ್ತಲು ಬಿಡುವ ನಂಬಿಕೆಯೇ ಅವನ ಅಂಗಡಿ. ಅದು ಕದ ಹಾಕತೊಡಗಿತ್ತು.

ಸಾಲ್ವು ಬಾಯಿ ಬಿಡದಿದ್ದುದಕ್ಕೆ ಕಾರಣ ಇಪ್ಪತ್ತೇಳು ವರ್ಷ ಹಿಂದಿನದು.

ಆಗ ಹದಿನಾಲ್ಕರಲ್ಲಿ ಇದ್ದವರು ಹೆಸ್ಟರ್ ಪೈಕ್ ಎಂಬ ವಿಧವೆ. ಪಕ್ಕದ ಹದಿನಾರರಲ್ಲಿ, ಇಂದಿನಂತೆಯೇ, ಥೆಲ್ಮಾ ಪ್ರೌಸ್. ಸಾಲ್ವುವಿನ ಮಗಳಿಗೆ ಪಾಠ ಹೇಳಿದ ಅವರನ್ನು ಸಾಲ್ವು ಈಗಲೂ ಟೀಚರ್ ಎಂದೇ ಕರೆಯುತ್ತಾರೆ. ಶಾಲೆಗೆ ರಜೆ ಬಂದು ಥೆಲ್ಮಾ ಹತ್ತು ದಿನ ಸಮುದ್ರತೀರದ ತಂಗಿಯ ಮನೆಗೆ ಹೋಗಿದ್ದಾಗ, ಹೆಸ್ಟರ್ ವಿಸ್ಟೇರಿಯಾ ಬಳ್ಳಿ ಕತ್ತರಿಸಲೆಂದು ಏಣಿ ಹಾಕಿದರು. ಏಣಿ ಜಾರಿತು. ಹೆಸ್ಟರಿಗೆ ಗೀರು ಗಾಯ. ಇಬ್ಬರ ಪಾಲಿನ ಮುಖ ಮಾತ್ರ ಮೊಗಸಾಲೆಯ ಹಾಸುಬಿಲ್ಲೆಯ ಮೇಲೆ ನೂರು ಚೂರು.

ಬಳ್ಳಿಯ ವಿಷಯಕ್ಕೆ ಇಬ್ಬರು ಗೆಳತಿಯರಲ್ಲಿ ಅದಾಗಲೇ ವರ್ಷದ ಮುನಿಸಿತ್ತು. ಕತ್ತರಿಸಲು ಏಣಿ ಹಾಕಬೇಡ, ಆಳು ಕರೆಸು ಎಂದು ಥೆಲ್ಮಾ ಹೇಳಿ ಹೋಗಿದ್ದರು. ಹೆಸ್ಟರ್ ಸಾಲ್ವುವನ್ನು ಅಡುಗೆಮನೆಗೆ ಕರೆದು, ಅವಳು ಬರುವುದರೊಳಗೆ ಮುಖ ತನ್ನ ಜಾಗದಲ್ಲಿರಬೇಕು, ಈ ಮಾತು ನಿನ್ನ ಜೊತೆಯೇ ಮಣ್ಣಿಗೆ ಹೋಗಬೇಕು ಎಂದು ಆಣೆ ಹಾಕಿಸಿಕೊಂಡರು.

ಒಂದು ಮುಖಕ್ಕೆ ಹದಿನಾಲ್ಕು ದಿನ ಬೇಕು. ಇದ್ದದ್ದು ಒಂಬತ್ತು. ಸಾಲ್ವು ಹದಿನೆಂಟು ಮತ್ತು ಇಪ್ಪತ್ತರ ನಡುವಿನ ಮುಖದಿಂದ ಅಚ್ಚು ತೆಗೆದರು. ಅದರ ಮೇಲೆ ನೂರು ವರ್ಷದ ಏಳು ಪದರ ಬಣ್ಣ. ಕೆರೆದರು, ಉಜ್ಜಿದರು, ಸೂಜಿಯಿಂದ ಮೂಗಿನ ಹೊಳ್ಳೆ ಬಿಡಿಸಿದರು. ಅವಸರದಲ್ಲಿ ಎಡಗಣ್ಣಿನ ರೆಪ್ಪೆಯಡಿ ಒಂದು ಬಣ್ಣದ ಗಂಟು ಉಳಿಯಿತು. ಅದು ಅಚ್ಚಿಗೆ ಇಳಿಯಿತು, ಅಚ್ಚಿನಿಂದ ಗಾರೆಗೆ ಇಳಿಯಿತು. ಏರಿಸಿ ಕೂರಿಸಿದ ಮೇಲೆ ನೋಡಿದರೆ ಹೊಸ ಮುಖದ ಎಡಗಣ್ಣು ಅರ್ಧ ಮುಚ್ಚಿತ್ತು. ತಿದ್ದಲು ಹೊತ್ತಿರಲಿಲ್ಲ. ಮೇಲೊಂದು ಕೋಟು ಬಣ್ಣ ಬಳಿದು ಇಳಿದರು. ಅದೇ ಸಂಜೆ ಥೆಲ್ಮಾ ಊರಿಂದ ಬಂದರು.

೨೦೦೧ರಲ್ಲಿ ಇಡೀ ಸಾಲಿನ ಬಣ್ಣ ಕೆರೆಸಿ ತೆಗೆದಾಗ ಉಳಿದ ಆರು ಮುಖಗಳ ಕಣ್ಣು ತೆರೆದವು. ಒಂದರದು ತೆರೆಯಲಿಲ್ಲ. ನಿವೃತ್ತಿಯ ನಂತರ ಥೆಲ್ಮಾ ಪ್ರತಿ ಭಾನುವಾರ ಆಸಕ್ತರನ್ನು ಕರೆದುಕೊಂಡು ಹಳೆಯ ಬೀದಿಗಳ ನಡಿಗೆ ಹೊರಡುತ್ತಾರೆ. ತನ್ನ ಮನೆಯ ಮುಂದೆ ನಿಂತು ಅವರು ಹೇಳುವ ಕಥೆ ಬರಬರುತ್ತ ಬೆಳೆಯಿತು. ಮುಖ ಮಾಡಿದ ಗಾರೆಯವನಿಗೆ ಒಬ್ಬಳು ಮಗಳಿದ್ದಳಂತೆ, ಜ್ವರದಲ್ಲಿ ತೀರಿಕೊಂಡಳಂತೆ, ಏಳರಲ್ಲಿ ಒಂದಕ್ಕೆ ಅವನು ಅಳುವ ಕಣ್ಣು ಕೊಟ್ಟನಂತೆ. ಕೇಳುಗರು ತಲೆಯೆತ್ತಿ ಆ ಕಣ್ಣನ್ನೇ ನೋಡುತ್ತಾರೆ. ಒಮ್ಮೊಮ್ಮೆ ಸಾಲ್ವು ಪಕ್ಕದ ಸಾರುವೆಯ ಮೇಲೆಯೇ ಇರುತ್ತಿದ್ದರು. ತನ್ನ ಅವಸರದ ಕೊಳೆ ಕೆಳಗೆ ನಿಂತವರ ಕಣ್ಣಲ್ಲಿ ನೀರಾಗುವುದನ್ನು ನೋಡುತ್ತ, ಕರಣೆಯಿಂದ ಏನನ್ನೋ ಸವರುತ್ತಿದ್ದರು.

ಹೆಸ್ಟರ್ ೨೦೦೯ರಲ್ಲಿ ತೀರಿಕೊಂಡರು. ಆಣೆ ಉಳಿಯಿತು. ಹದಿನಾಲ್ಕನೆಯ ಮನೆ ಕೈ ಬದಲಾಗುತ್ತ ಡರ್ಮಟ್‌ಗೆ ಬಂತು.

"ಸತ್ತೋರಿಗೆ ಕೊಟ್ಟ ಮಾತನ್ನ ಜೋಪಾನವಾಗಿ ಇಟ್ಕೋ," ಎಂದರಂತೆ ಚೆನ್ಸಾ, ಪೊಲೀಸ್ ಬಂದುಹೋದ ಮಧ್ಯಾಹ್ನ. "ಬದುಕಿರೋ ನಿನ್ನ ಹೆಸರನ್ನ ಬೀದೀಲಿ ಹರಾಜು ಹಾಕ್ಸು. ನಾನು ಮಾರ್ಕೆಟ್ಟಿಗೆ ಹೋಗೋವಾಗ ಮುಖಕ್ಕೆ ಯಾವ ಬಣ್ಣ ಬಳ್ಕೊಂಡು ಹೋಗ್ಲಿ ಅದನ್ನ ಹೇಳು."

ಆಗಸ್ಟ್ ಮೊದಲ ವಾರ, ನಗರದ ಹೊರವಲಯದ ಹಳೆಸಾಮಾನು ಕೊಂಡು ಮಾರುವ ಒಂದು ಅಂಗಳದಲ್ಲಿ ಒಂದು ಮುಖ ಸಿಕ್ಕಿತು. ಗುರುತಿಸಲು ಪೊಲೀಸ್ ಅಧಿಕಾರಿಣಿ ಮೂವರನ್ನು ಕರೆಸಿದರು: ಡರ್ಮಟ್, ಥೆಲ್ಮಾ, ಸಾಲ್ವು. ಕೊನೆಯವರನ್ನು ಕರೆಸಿದ್ದು ಗುರುತಿಸಲೋ ಗುರುತಿಸಿಕೊಳ್ಳಲೋ ಯಾರಿಗೂ ಸ್ಪಷ್ಟವಿರಲಿಲ್ಲ. ತಂದು ಮಾರಿದವನ ಚಹರೆ ನೆನಪಿಲ್ಲ, ಬೂಟಿನಲ್ಲಿ ಸಿಮೆಂಟು ಮೆತ್ತಿತ್ತು ಎಂದು ಅಂಗಳದವನು ಹೇಳಿದ. ಎಲ್ಲರೂ ಸಾಲ್ವುವಿನ ಬೂಟು ನೋಡಿದರು. ಸಾಲ್ವುವೂ ನೋಡಿಕೊಂಡರು.

ಹುಲ್ಲು ಹಾಸಿದ ಪೆಟ್ಟಿಗೆಯಲ್ಲಿ ಆಕಾಶಕ್ಕೆ ಮುಖ ಮಾಡಿ ಅವಳು ಮಲಗಿದ್ದಳು. ಥೆಲ್ಮಾ ಬಗ್ಗಿ, ಕೈಗವಸು ತೆಗೆದು, ಎಡಗಣ್ಣಿನ ಮೇಲೆ ಬೆರಳಿಟ್ಟರು. ಇವಳೇ, ಅಳುವವಳು, ೧೮೮೭ರ ಅಸಲಿ ಎಂದು ಅಧಿಕಾರಿಣಿಗೆ ಹೇಳಿದರು. ಇವಳಿಗೆ ಬೆಲೆ ಕಟ್ಟಲಾಗುವುದಿಲ್ಲ ಎಂದರು. ಅಧಿಕಾರಿಣಿ ಬರೆದುಕೊಳ್ಳತೊಡಗಿದರು.

ಆಗ ಸಾಲ್ವು ಬಾಯಿ ಬಿಟ್ಟರು.

"ಬರೀಬೇಡಿ. ಅದು ಹಳೇದಲ್ಲ. ನಾನು ಮಾಡಿದ್ದು."

ಡರ್ಮಟ್ ತನ್ನ ಲೆಕ್ಕ ತಾಳೆಯಾದವನಂತೆ ಮೆಲ್ಲಗೆ ಉಸಿರು ಬಿಟ್ಟರು. ಸಾಲ್ವು ಪೆಟ್ಟಿಗೆಯನ್ನು ಮುಟ್ಟಲಿಲ್ಲ, ಎರಡು ಹೆಜ್ಜೆ ಹಿಂದೆ ನಿಂತೇ ಹೇಳಿದರು: ತಿರುಗಿಸಿ ನೋಡಿ, ಬೆನ್ನಿನೊಳಗೆ ಬಿಗಿಗೆಂದು ಹಾಕಿದ ಜಾಲರಿ ಇದೆ. ಹಸಿರು ಬಣ್ಣದ್ದು. ಹೆಸ್ಟರ್ ಅಡುಗೆಮನೆಯ ಹಿಂಬಾಗಿಲಲ್ಲಿ ನೊಣ ಬಾರದಂತೆ ಹಾಕಿದ್ದ ಜಾಲರಿ. ಆ ಭಾನುವಾರ ಅಂಗಡಿ ತೆರೆದಿರಲಿಲ್ಲ, ಕೈಗೆ ಸಿಕ್ಕಿದ್ದು ಅದೇ.

ಅಧಿಕಾರಿಣಿ ಮತ್ತು ಅಂಗಳದವನು ಸೇರಿ ಮುಖವನ್ನು ಕವುಚಿ ಹಾಕಿದರು. ಗರಗಸ ಕೊಯ್ದ ಬೆನ್ನಿನ ಬೂದು ಗಾರೆಯಲ್ಲಿ ಹಸಿರು ಎಳೆಗಳು ಹುಲ್ಲಿನ ಮೊಳಕೆಯಂತೆ ಹೊರಚಾಚಿದ್ದವು.

ಥೆಲ್ಮಾ ಅವನ್ನು ಬಹಳ ಹೊತ್ತು ನೋಡಿದರು. ಆ ಬಾಗಿಲು ಅವರಿಗೆ ಗೊತ್ತು. ಮೂವತ್ತು ವರ್ಷ ಕೈಯಲ್ಲಿ ಚಹಾ ಲೋಟ ಹಿಡಿದು ಅದನ್ನು ಮೊಣಕೈಯಿಂದ ನೂಕಿ ಒಳಗೆ ಹೋದವರು. ಒಂದು ರಜೆ ಮುಗಿಸಿ ಬಂದಾಗ ಅದರ ಜಾಲರಿ ಬದಲಾಗಿ ಕಪ್ಪಾಗಿತ್ತು. ಯಾಕೆ ಎಂದು ಕೇಳಿದಾಗ ಬೆಕ್ಕು ಹರಿಯಿತು ಎಂದಿದ್ದರು ಹೆಸ್ಟರ್.

ತಾನೇ ಮಾಡಿದ ನಕಲನ್ನು, ಅದು ನಕಲೆಂದು ಗೊತ್ತಿದ್ದೂ ಯಾರಾದರೂ ಕದಿಯುತ್ತಾರೆಯೇ, ಪಕ್ಕದಲ್ಲೇ ನಾಲ್ಕು ಅಸಲಿ ಇರುವಾಗ? ಅಧಿಕಾರಿಣಿ ತನ್ನನ್ನೇ ಕೇಳಿಕೊಳ್ಳುವಂತೆ ಗಟ್ಟಿಯಾಗಿ ಅಂದರು. ಉತ್ತರ ಡರ್ಮಟ್ ಕೊಟ್ಟರು.

"ನಕಲು ಅಂತ ಗೊತ್ತಾಗ್ಬಾರ್ದು ಅಂತಿದ್ರೆ, ಕದಿಯೋದು ಅದನ್ನೇ."

ಸಾಲ್ವು ಅವರ ಕಡೆ ತಿರುಗಿ, "ನಾನಾಗಿದ್ರೂ ಹಾಗೇ ಅನುಮಾನ ಪಡ್ತಿದ್ದೆ, ಮಾರಾಯ," ಎಂದರು. "ಆದ್ರೆ ಅದನ್ನ ಕತ್ತಿನ ಹತ್ರ ಕೊಯ್ತಿರ್ಲಿಲ್ಲ. ನಾನು ಕೂರ್ಸಿದ್ದು ಎರಡು ಕಬ್ಬಿಣದ ಕಡ್ಡಿ ಮೇಲೆ. ಕಿವಿ ಹಿಂದೆ ಉಳಿ ಇಟ್ಟು ಮೀಟಿದ್ರೆ ಮಗು ಥರ ಕೈಗೆ ಬರುತ್ತೆ. ಕೊಯ್ದೋನಿಗೆ ಅದು ಗೊತ್ತಿರ್ಲಿಲ್ಲ."

ಅಧಿಕಾರಿಣಿ ಕಿವಿಯ ಹಿಂದೆ ಬೆರಳಾಡಿಸಿದರು. ಕಡ್ಡಿಯ ತುದಿಗಳು ಇದ್ದವು, ಅರ್ಧಕ್ಕೆ ಕೊಯ್ದು. ತಂತಿ ಅಲ್ಲಿ ಸಿಕ್ಕಿಕೊಂಡು ಎಳೆದಾಡಿದ ಗುರುತೂ ಇತ್ತು.

ಮೂರು ವಾರದ ನಂತರ ಬೇರೊಂದು ಬಡಾವಣೆಯಲ್ಲಿ ಅಮೃತಶಿಲೆಯ ಅಗ್ಗಿಷ್ಟಿಕೆ ಕೀಳುತ್ತಿದ್ದ ಇಬ್ಬರು ಸಿಕ್ಕಿಬಿದ್ದರು. ಅವರ ವ್ಯಾನಿನಲ್ಲಿ ಹತ್ತು ಮತ್ತು ಹನ್ನೆರಡರ ನಡುವಿನ ಮುಖ ಎರಡು ಹೋಳಾಗಿ ಸಿಕ್ಕಿತು. ಇನ್ನೊಂದು ಸಿಗಲೇ ಇಲ್ಲ. ಸಾಲ್ವುವಿನ ಹೆಸರು ಕಾಗದದ ಮೇಲೆ ಚೊಕ್ಕವಾಯಿತು. ಬೀದಿಯಲ್ಲಿ ಇನ್ನೊಂದು ಬಗೆಯಲ್ಲಿ ಕೆಟ್ಟಿತು. ಲೋರ್ನ್ ಟೆರೇಸಿನಲ್ಲಿ ಒಂದು ನಕಲಿದ್ದರೆ, ಇನ್ನೆಲ್ಲಿ ಎಷ್ಟಿವೆ? ಬೆಳಗಿನ ನಡಿಗೆಗೆ ಹೊರಟವರು ತಮ್ಮದೇ ಮನೆಯ ಮುಂದೆ ನಿಂತು ಬೆರಳ ಗೆಣ್ಣಿನಿಂದ ಗೋಡೆ ತಟ್ಟುವುದು ಶುರುವಾಯಿತು. ಏನು ಕೇಳಿಸಬೇಕೆಂದು ಅವರಿಗೆ ಗೊತ್ತಿಲ್ಲ, ಆದರೂ ತಟ್ಟುತ್ತಾರೆ. ತನ್ನ ನೆತ್ತಿಯ ಕಳಶಗಳಲ್ಲಿ ಹಳೆಯದು ಯಾವುದು, ಸಾಲ್ವು ಮಾಡಿದ್ದು ಯಾವುದು, ಒಂದು ಪಟ್ಟಿ ಕೊಡಬೇಕೆಂದು ಡರ್ಮಟ್ ಕೇಳಿದರು. ಮಾಡಿಸಿದವರನ್ನು ಕೇಳಿ ಎಂದರು ಸಾಲ್ವು. ಮಾಡಿಸಿದವರಲ್ಲಿ ಹೆಚ್ಚಿನವರು ಪಕ್ಕದ ಬಡಾವಣೆ ಕಾರ್ಲ್ಟನ್ನಿನ ಸ್ಮಶಾನದಲ್ಲಿದ್ದಾರೆ. ಆ ದಿನದಿಂದಲೇ ಪರದೆ ಸರಿಯತೊಡಗಿದ್ದು.

ಥೆಲ್ಮಾ ಐದು ವಾರ ಸಾಲ್ವುವನ್ನು ಮಾತಾಡಿಸಲಿಲ್ಲ. ಭಾನುವಾರದ ನಡಿಗೆ ಪೆಟ್ರಿ ಬೀದಿಯ ತಿರುವಿನಲ್ಲೇ ಮುಗಿಯುತ್ತಿತ್ತು. ಆರು ಮನೆಗಳಲ್ಲಿ ಮೂರು, ಕೆಲಸಕ್ಕೆ ಸಾಲ್ವು ಬೇಕು ಎನ್ನುತ್ತಿದ್ದವು, ಎರಡು ಫೋಮಿನ ಮುಖ ಸಾಕು ಎನ್ನುತ್ತಿದ್ದವು. ಥೆಲ್ಮಾ ಯಾವ ಕಡೆಗೂ ಕೈಯೆತ್ತಲಿಲ್ಲ. ಅವರೂ ಬೇಡವೆಂದರೆ ಮತ ಸಮವಾಗಿ, ಹಿಂದಿನ ಸಭೆಯ ಮಾತೇ ನಿಂತು, ಸಿದ್ಧಮುಖಗಳೇ ಬರುತ್ತಿದ್ದವು.

ಕೊನೆಗೆ ಒಂದು ಬೆಳಿಗ್ಗೆ ಎಪ್ಪತ್ತೊಂಬತ್ತರ ಆ ಹೆಂಗಸು ಕೊಟ್ಟಿಗೆಯ ಬಾಗಿಲಲ್ಲಿ ಕಾಣಿಸಿಕೊಂಡರು. ಸಾಲ್ವು ಮಗುಚಿದ ಡಬ್ಬವೊಂದನ್ನು ಒರೆಸಿ ಕೂರಲು ಇಟ್ಟರು. ಅವರು ಕೂರಲಿಲ್ಲ. ಕಪಾಟಿನ ಅಚ್ಚುಗಳನ್ನು ಒಂದೊಂದಾಗಿ, ಹಾಜರಿ ಕರೆಯುವಂತೆ ನೋಡಿದರು.

"ಹೆಸ್ಟರ್ ನನ್ನ ನೋಡಿ ನಗ್ತಿದ್ಲಾ?" ಎಂದು ಕೇಳಿದರು. "ನಾನು ಕೆಳಗೆ ನಿಂತು ಆ ಕಥೆ ಹೇಳೋವಾಗ. ಗೇಟಿನ ಹತ್ರ ನಿಂತು ಕೇಳ್ತಿದ್ಲಲ್ಲ, ಏಳು ವರ್ಷ."

ಸಾಲ್ವು ಕೈಯಲ್ಲಿದ್ದ ಕರಣೆಯನ್ನು ನೀರಿಗೆ ಹಾಕಿದರು.

"ನಗ್ತಿರ್ಲಿಲ್ಲ ಟೀಚರ್. ಒಂದ್ಸಲ ನನ್ನ ಪಕ್ಕಕ್ಕೆ ಕರ್ದು ಕೇಳಿದ್ರು, ಸಾಲ್ವು, ಆ ಮಗಳ ವಿಷಯ ನಿಜವೇ ಇರ್ಬಹುದಾ ಅಂತ."

"ನೀನೇನಂದೆ?"

"ನನಗೇನು ಗೊತ್ತು ಅಂದೆ. ಟೀಚರ್ ಓದಿದೋರು, ಅವರಿಗೆ ಗೊತ್ತಿರುತ್ತೆ ಅಂದೆ."

ಥೆಲ್ಮಾ ಆಗ ಕೂತರು. ಆ ಕಥೆಯನ್ನು ತಾನು ಎಲ್ಲೂ ಓದಿರಲಿಲ್ಲ ಎಂದರು. ಒಂದು ಭಾನುವಾರ ಯಾರೋ ಆ ಕಣ್ಣು ಯಾಕೆ ಹಾಗಿದೆ ಎಂದು ಕೇಳಿದ್ದರು. ಗೊತ್ತಿಲ್ಲ ಎನ್ನಲು ನಾಲಿಗೆ ಹೊರಳಲಿಲ್ಲ. ಆಮೇಲೆ ವಾರವಾರ ಹೇಳಿ ಹೇಳಿ ತಾನೇ ನಂಬಿದ್ದರು. ಬೀದಿಯ ಮೇಲೆ ನಿನ್ನದು ಒಂದು ನಕಲು, ನನ್ನದು ಒಂದು ಎಂದರು. ಸಾಲ್ವು ನಗಲಿಲ್ಲ. ತಮ್ಮ ಬುತ್ತಿಯ ರೊಟ್ಟಿ ಮುರಿದು ಅರ್ಧ ಕೊಟ್ಟರು.

ಮರಳಿ ಬಂದ ಆ ಮುಖದ ಎಡಗಣ್ಣನ್ನು ಈ ಸಲವಾದರೂ ತಿದ್ದಿಬಿಡಬೇಕು ಎಂಬುದು ಸಾಲ್ವುವಿನ ಆಸೆಯಾಗಿತ್ತು. ಇಪ್ಪತ್ತೇಳು ವರ್ಷದ ಮುಜುಗರ ಅದು. ಸೂಜಿ ಉಳಿಯಿಂದ ಒಂದು ಗಂಟೆಯ ಕೆಲಸ. ಥೆಲ್ಮಾ ಒಪ್ಪಲಿಲ್ಲ. ಅರ್ಧ ಮೂಗು ತನ್ನದು, ಎಡಗಣ್ಣು ತನ್ನ ಮನೆಯ ಕಡೆಯದು, ಅದನ್ನು ಮುಟ್ಟಿದರೆ ತನ್ನ ಓಟು ಫೋಮಿಗೆ ಎಂದು ಹೇಳಿ ಎದ್ದರು. ಮುಂದಿನ ಭಾನುವಾರ ನಡಿಗೆ ಮತ್ತೆ ಲೋರ್ನ್ ಟೆರೇಸಿನ ತನಕ ಬಂತು. ಖಾಲಿ ಗೋಡೆತುದಿಯ ಕೆಳಗೆ ನಿಂತು ಅವರು ಜಾರಿದ ಏಣಿಯ, ಹಸಿರು ಜಾಲರಿಯ, ಒಂಬತ್ತು ದಿನದ ಅವಸರದ ಕಥೆ ಹೇಳಿದರು. ಕೇಳುಗರಲ್ಲೊಬ್ಬರು ಇದು ನಿಜವೇ ಎಂದು ಅನುಮಾನಿಸಿದರಂತೆ. ಮೊದಲ ಕಥೆಯನ್ನು ಯಾರೂ ಅನುಮಾನಿಸಿರಲಿಲ್ಲ.

ಅಳುವವಳು ಕಳೆದ ವಾರ ತನ್ನ ಜಾಗ ಸೇರಿದ್ದಾಳೆ. ಉಳಿದ ಎರಡು ಹೊಸದಾಗಿ ಆಗಬೇಕು. ಈಗ ಸಾಲ್ವುವಿನ ಬೆಳಗಿನ ತಟ್ಟಾಟವೆಲ್ಲ ಅವು ಕೂರುವ ಗೋಡೆತುದಿ ಎಷ್ಟು ಗಟ್ಟಿ ಎಂದು ತಿಳಿಯಲಿಕ್ಕೆ. ಈ ಬಾರಿ ಅಚ್ಚಿಗೆ ಅವಸರವಿಲ್ಲ. ಹದಿನೆಂಟರ ಪಕ್ಕದ ಹಳೆಯ ಮುಖದ ಮುಂದೆ ಅವರು ನಾಲ್ಕು ಬೆಳಗು ಕೂತು, ಭೂತಗನ್ನಡಿ ಹಿಡಿದು, ರೆಪ್ಪೆಯ ಗೆರೆಗಳನ್ನು ಓದಿದ್ದಾರೆ. ಮೊದಲನೆಯದನ್ನು ಅಚ್ಚಿನಿಂದ ಬಿಡಿಸಿದ ದಿನ ಚೆನ್ಸಾ ಕೊಟ್ಟಿಗೆಗೆ ಬಂದು ನೋಡಿ, ನನ್ನ ಮದುವೆ ದಿನವೂ ನೀನು ನನ್ನ ಮುಖ ಇಷ್ಟು ಹೊತ್ತು ನೋಡಿರಲಿಲ್ಲ ಎಂದು ಹೋದರು.

ಪರಂಪರೆಯ ಕಟ್ಟಡಗಳನ್ನು ನೋಡಿಕೊಳ್ಳುವ ಕಚೇರಿಯಿಂದ ಒಂದು ಪತ್ರ ಬಂದಿದೆ. ಹೊಸ ತುಂಡುಗಳ ಮೇಲೆ ಮಾಡಿದವರ ಹೆಸರು, ಇಸವಿ ಇರಲೇಬೇಕು, ಮುಂದೆ ಯಾರೂ ಮೋಸಹೋಗಬಾರದು ಎಂದು. ನಲವತ್ತಾರು ವರ್ಷದಲ್ಲಿ ಸಾಲ್ವು ತಮ್ಮ ಹೆಸರನ್ನು ಯಾವ ಗೋಡೆಯ ಮೇಲೂ ಬರೆದವರಲ್ಲ. ಎಲೆಮರೆಯಲ್ಲಿರುವುದನ್ನೇ ಕಸುಬಿನ ಮರ್ಯಾದೆ ಎಂದುಕೊಂಡವರು. ಪತ್ರದಲ್ಲಿ ಎಲ್ಲಿ ಬರೆಯಬೇಕು ಎಂದು ಹೇಳಿಲ್ಲ. ಅದನ್ನು ಅವರು ಎರಡು ಸಲ ಓದಿ ಖಾತ್ರಿ ಮಾಡಿಕೊಂಡಿದ್ದಾರೆ.

ಇಂದು ಕೊಟ್ಟಿಗೆಯಲ್ಲಿ ಎರಡನೆಯ ಮುಖದ ಬೆನ್ನು ಇನ್ನೂ ಹಸಿಯಾಗಿದೆ. ಒಣಗಿದ ಮೇಲೆ ಗೋಡೆಗೆ ಅಂಟಿ ಮುಚ್ಚಿಹೋಗುವ ಆ ಭಾಗದ ಮೇಲೆ, ಮೊಳೆಯ ತುದಿಯಿಂದ, ಶಾಲೆಯ ಹುಡುಗನಂತೆ ನಾಲಿಗೆ ಕಚ್ಚಿಕೊಂಡು ಅವರು ಒಂದೊಂದೇ ಅಕ್ಷರ ಕೊರೆಯುತ್ತಿದ್ದಾರೆ. ಇನ್ನೇನು ಬೇಕು ಎಂದು ಕೇಳಿದರೆ ಮೊಳೆ ಎತ್ತದೆಯೇ ಹೇಳುತ್ತಾರೆ.

"ಕೆಳಗೆ ನಿಂತು ನೋಡೋರಿಗೆ ಒಂದು ಅನುಮಾನ ಬಂದ್ರೆ ಸಾಕು. ಇವೆರಡೂ ಹಳೇವೇ ಇರ್ಬಹುದಾ ಅಂತ."

ಬುತ್ತಿ ತಂದ ಚೆನ್ಸಾ ಅವರ ಹೆಗಲ ಮೇಲಿಂದ ಬಗ್ಗಿ ಅಕ್ಷರಗಳನ್ನು ಓದುತ್ತಾರೆ. ಹೆಸರು ಸರಿಯಾಗಿದೆ, ಇಸವಿಯೂ ಸರಿಯಾಗಿದೆ.

"ಚೆನ್ನಾಗಿದೆ. ಆದ್ರೆ ಇದನ್ನ ಯಾರಾದ್ರೂ ಓದ್ಬೇಕು ಅಂದ್ರೆ ಅವಳು ಕೆಳಗೆ ಬೀಳ್ಬೇಕಲ್ಲ?"

ಸಾಲ್ವು ಮೊಳೆಯ ತುದಿಯನ್ನು ಅಂಗಿಗೆ ಒರೆಸಿಕೊಳ್ಳುತ್ತಾರೆ.

"ಬೀಳೋ ಹಾಗೆ ನಾನು ಕೂರ್ಸಲ್ಲ."